ಮೂರು ದಿನದ ಮುಂಬೈ

ಗಣರಾಜ್ಯೋತ್ಸವ ಶುಕ್ರವಾರವೋ ಸೋಮವಾರವೋ ಬಂದ ವರ್ಷ ಪುಣೆ, ಹೈದರಾಬಾದ್, ಬೆಂಗಳೂರುಗಳಿಂದ ಮುಂಬೈಗೆ ಹೋಗುವ ರೈಲುಗಳಲ್ಲಿ ಸೀಟು ಸಿಗುವುದು ಕಷ್ಟ. ಮೂರು ದಿನ ಬಿಡುವು ಸಿಕ್ಕಿತೆಂದು ಮನೆಮಂದಿಯೆಲ್ಲ ಹೊರಡುತ್ತಾರೆ. ಕೈಯಲ್ಲೊಂದು ಪಟ್ಟಿ ಇರುತ್ತದೆ. ಗೇಟ್‌ವೇ ಆಫ್ ಇಂಡಿಯಾ, ಅಲ್ಲಿಂದ ದೋಣಿಯಲ್ಲಿ ಎಲಿಫೆಂಟಾ, ವಸ್ತುಸಂಗ್ರಹಾಲಯ, ವಿ.ಟಿ. ಸ್ಟೇಷನ್ನಿನ ಎದುರು ಒಂದು ಫೋಟೊ, ಸಂಜೆ ಮರೀನ್ ಡ್ರೈವ್. ಹೊಟ್ಟೆಪಾಡಿಗೆ ಒಂದು ಇರಾನಿ ಕೆಫೆ, ದಾದರಿನಲ್ಲಿ ವಡಾಪಾವ್, ಭಾನುವಾರ ಮಧ್ಯಾಹ್ನ ಮಾಟುಂಗಾದಲ್ಲಿ ಬಾಳೆ ಎಲೆಯ ಊಟ. ದೆಹಲಿಯಿಂದ ಬಂದವರ ಪಟ್ಟಿಯೂ ಚೆನ್ನೈಯಿಂದ ಬಂದವರ ಪಟ್ಟಿಯೂ ಹೆಚ್ಚು ಬೇರೆ ಇರುವುದಿಲ್ಲ.

ಈ ಪಟ್ಟಿಯನ್ನು ಒಬ್ಬರು ಕೂತು ಬರೆದದ್ದಲ್ಲ. ಸುಮಾರು ನೂರೈವತ್ತು ವರ್ಷಗಳಲ್ಲಿ ಒಂದೊಂದೇ ಸಾಲು ಸೇರಿ ಅದು ಬೆಳೆದಿದೆ. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಮೂರು ಪ್ರಶ್ನೆಗಳು ಎದುರಾಗುತ್ತವೆ. ಮೂರು ದಿನದ ಬಿಡುವು ಎಲ್ಲಿಂದ ಬಂತು? ನೋಡಬೇಕಾದದ್ದು ಇವೇ ಎಂದು ತೀರ್ಮಾನವಾದದ್ದು ಹೇಗೆ? ಗುರುತಿಲ್ಲದ ಊರಿನಲ್ಲಿ ಯಾರು ಬೇಕಾದರೂ ಯಾವ ಹೋಟೆಲಿಗೆ ಬೇಕಾದರೂ ಹೋಗಿ ಕೂತು ಊಟ ಮಾಡಬಹುದು ಎಂಬುದು ಯಾವಾಗಿನಿಂದ? ಮೂರನೆಯ ಪ್ರಶ್ನೆಯ ಉತ್ತರಕ್ಕೂ ಗಣರಾಜ್ಯೋತ್ಸವದ ರಜೆಗೂ ನೇರವಾದ ಸಂಬಂಧವಿದೆ.

ರಜೆ ಮತ್ತು ಸೂಟಿ

ಬಿಡುವಿನ ದಿನಕ್ಕೆ ಕನ್ನಡದಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ಮೈಸೂರು, ಮಂಗಳೂರಿನ ಕಡೆ ರಜೆ. ಧಾರವಾಡ, ಬೆಳಗಾವಿಯ ಕಡೆ ಸೂಟಿ. ರಜೆ ಅರಬ್ಬಿ ಮೂಲದ್ದು, ಪಾರಸಿಯ ದಾರಿಯಲ್ಲಿ ಬಂದದ್ದು. ಅದರ ಮೊದಲ ಅರ್ಥ ಒಪ್ಪಿಗೆ, ಸಮ್ಮತಿ. ಅಂದರೆ ಮೇಲಿನವರು ಹೂಂ ಅಂದರೆ ಮಾತ್ರ ಸಿಗುವಂಥದ್ದು. ಸೂಟಿ ಮರಾಠಿಯಿಂದ ಬಂದದ್ದು. ಅದರ ಅರ್ಥ ಬಿಡುಗಡೆ. ಈ ಎರಡು ಅರ್ಥಗಳ ನಡುವಿನ ದೂರವನ್ನು ಮುಂಬೈಯ ಗಿರಣಿ ಕಾರ್ಮಿಕರು ಕಾಲ್ನಡಿಗೆಯಲ್ಲೇ ದಾಟಿದರು ಎನ್ನಬಹುದು.

ಮುಂಬೈಯ ಮೊದಲ ಹತ್ತಿ ಗಿರಣಿಯನ್ನು ಕಾವಸ್‌ಜಿ ದಾವರ್ 1854ರಲ್ಲಿ ಸ್ಥಾಪಿಸಿದರು. ಮುಂದಿನ ಮೂರು ದಶಕಗಳಲ್ಲಿ ಗಿರಣಿಗಳು ಡಜನ್‌ಗಟ್ಟಲೆ ಎದ್ದವು. ವಿದ್ಯುದ್ದೀಪ ಬರುವ ಮೊದಲು ಕೆಲಸದ ಹೊತ್ತು ಸೂರ್ಯನನ್ನು ಅನುಸರಿಸಿತ್ತು: ಬೆಳಕು ಹರಿದಾಗ ಶುರು, ಕತ್ತಲಾದಾಗ ಮುಗಿವು. ಬೇಸಿಗೆಯಲ್ಲಿ ಹಗಲು ದೊಡ್ಡದು, ಹಾಗಾಗಿ ದುಡಿಮೆಯೂ ದೊಡ್ಡದು. ವರ್ಷಕ್ಕೆ ಕೆಲವು ಹಬ್ಬಗಳಂದು ಗಿರಣಿ ನಿಲ್ಲುತ್ತಿತ್ತು. ವಾರಕ್ಕೊಂದು ದಿನ ಎಂಬ ಲೆಕ್ಕವಿರಲಿಲ್ಲ. 1881ರ ಮೊದಲ ಫ್ಯಾಕ್ಟರಿ ಕಾಯಿದೆ ಮಕ್ಕಳಿಗೆ ತಿಂಗಳಿಗೆ ನಾಲ್ಕು ದಿನ ಬಿಡುವು ಕೊಟ್ಟಿತು. ಏಳು ವರ್ಷ ತುಂಬಿದ ಮಗು ಆ ಕಾಯಿದೆಯ ಪ್ರಕಾರ ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದಿತ್ತು. ದೊಡ್ಡವರ ಬಗ್ಗೆ ಅದು ಏನನ್ನೂ ಹೇಳಲಿಲ್ಲ.

ಈ ಮೌನವನ್ನು ಪ್ರಶ್ನಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಒಡನಾಡಿಯಾಗಿದ್ದ ಅವರು ಒಂದು ಗಿರಣಿಯಲ್ಲಿ ಉಗ್ರಾಣದ ಕೆಲಸ ಮಾಡಿದ್ದವರು, ‘ದೀನಬಂಧು’ ಪತ್ರಿಕೆಯನ್ನು ನಡೆಸಿದವರು. 1884ರಲ್ಲಿ ಗಿರಣಿ ಕಾರ್ಮಿಕರ ಸಭೆಗಳನ್ನು ಸೇರಿಸಿ ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಸಮಯಕ್ಕೆ ಸರಿಯಾಗಿ ಸಂಬಳ ಬೇಕೆಂದು ಬೇಡಿಕೆ ಮಂಡಿಸಿದರು. ಭಾನುವಾರ ಖಂಡೋಬನ ವಾರ, ಆದ್ದರಿಂದ ಆ ದಿನವೇ ರಜೆ ಬೇಕು ಎಂಬ ಮಾತನ್ನೂ ವಾದದಲ್ಲಿ ಸೇರಿಸಿದ್ದರು ಎನ್ನುತ್ತಾರೆ. ಮಹಾರಾಷ್ಟ್ರದ ಖಂಡೋಬ ಕರ್ನಾಟಕದ ಮೈಲಾರಲಿಂಗ. ಅವನ ಭಕ್ತರಿಗೆ ಇಲ್ಲೂ ಭಾನುವಾರವೇ ವಿಶೇಷ. ಇಂಗ್ಲಿಷರಿಗೆ ಅದು ಚರ್ಚಿನ ದಿನ. ಒಂದೇ ವಾರಕ್ಕೆ ಇಬ್ಬರ ಕಾರಣಗಳೂ ಹೊಂದಿಕೊಂಡವು. 1890ರ ಏಪ್ರಿಲ್‌ನಲ್ಲಿ ಸಾವಿರಾರು ಕಾರ್ಮಿಕರ ಸಭೆ ನಡೆಯಿತು; ಹೆಂಗಸರೂ ವೇದಿಕೆಯೇರಿ ಮಾತಾಡಿದರು. ಅದೇ ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಫ್ಯಾಕ್ಟರಿ ಕಾಯಿದೆ ವಾರದ ರಜೆಯನ್ನು ಕಾನೂನಾಗಿಸಿತು. ದಿನಕ್ಕೆ ಎಷ್ಟು ಗಂಟೆ ಎಂಬ ಮಿತಿಗಾಗಿ ಗಂಡಸರು ಇನ್ನೂ 20 ವರ್ಷ ಕಾಯಬೇಕಾಯಿತು.

ಭಾನುವಾರದ ಜೊತೆಗೆ ಇನ್ನೊಂದು ದಿನ ಸೇರಿ ರಜೆ ಉದ್ದವಾದದ್ದು ಬೇರೊಂದು ದಾರಿಯಲ್ಲಿ. ಅದೇ 1881ರಲ್ಲಿ ಹುಂಡಿ, ಚೆಕ್ಕುಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಬಂತು. ಸಾಲಪತ್ರದ ಗಡುವು ರಜೆಯ ದಿನ ಬಿದ್ದರೆ ಏನು ಮಾಡಬೇಕು ಎಂಬ ವ್ಯಾಪಾರಿಗಳ ಚಿಂತೆಗೆ ಅದರ 25ನೆಯ ಕಲಂ ಉತ್ತರ ಹೇಳಿತು; ಹೇಳುವಾಗ ಸಾರ್ವಜನಿಕ ರಜೆ ಎಂದರೆ ಭಾನುವಾರ ಮತ್ತು ಸರ್ಕಾರ ಗೆಜೆಟ್‌ನಲ್ಲಿ ಸಾರುವ ಇತರ ದಿನಗಳು ಎಂದು ವಿವರಿಸಿತು. ಇವತ್ತಿಗೂ ರಾಜ್ಯ ಸರ್ಕಾರಗಳು ವರ್ಷದ ರಜೆಗಳ ಪಟ್ಟಿ ಹೊರಡಿಸುವಾಗ ಆ ಕಲಮನ್ನು ಹೆಸರಿಸುತ್ತವೆ. ಶನಿವಾರ ಬಂದದ್ದು ಬಹಳ ತಡವಾಗಿ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಐದು ದಿನದ ವಾರ ಬಂದದ್ದು 1985ರಲ್ಲಿ. ಬ್ಯಾಂಕುಗಳಿಗೆ ಎರಡನೆಯ, ನಾಲ್ಕನೆಯ ಶನಿವಾರ ರಜೆಯಾದದ್ದು 2015ರ ಸೆಪ್ಟೆಂಬರಿನಲ್ಲಿ. ಮಹಾರಾಷ್ಟ್ರದ ಸರ್ಕಾರಿ ನೌಕರರಿಗೆ 2020ರ ಫೆಬ್ರುವರಿ ಕೊನೆಯಲ್ಲಿ. ವಾರಾಂತ್ಯ ಎಂಬ ಮಾತು ಪತ್ರಿಕೆಗಳಲ್ಲಿ ಎಷ್ಟೇ ಹಳೆಯದಾಗಿ ಕಂಡರೂ ಹೆಚ್ಚಿನ ಮನೆಗಳಿಗೆ ಅದು ಒಂದು ತಲೆಮಾರಿನಷ್ಟೂ ಹಳೆಯದಲ್ಲ.

ಮೊದಲು ವಾರಾಂತ್ಯವಿದ್ದವರು ಮುಂಬೈಗೆ ಬರುತ್ತಿರಲಿಲ್ಲ, ಮುಂಬೈ ಬಿಟ್ಟು ಹೋಗುತ್ತಿದ್ದರು ಎಂಬುದೂ ಗಮನಿಸಬೇಕಾದ ಸಂಗತಿ. 1930ರ ಜೂನ್ 1ರಂದು ಆರಂಭವಾದ ಡೆಕ್ಕನ್ ಕ್ವೀನ್ ಮೊದಲಿಗೆ ವಾರಾಂತ್ಯದ ರೈಲು; ಪುಣೆಯ ಕುದುರೆ ರೇಸಿಗೆ ಹೋಗುವ ಸಿರಿವಂತರು ಅದರ ಪ್ರಯಾಣಿಕರು. ಅವರಿಗಾಗಿ ಜೋಡಿಸಿದ್ದ ಊಟದ ಬೋಗಿ ಆ ರೈಲಿನಲ್ಲಿ ಇನ್ನೂ ಉಳಿದಿದೆ. ಈಗ ಅದರಲ್ಲಿ ಆಮ್ಲೆಟ್ ತಿನ್ನುತ್ತ ಕೂತವರು ಪುಣೆಯಿಂದ ಮುಂಬೈಗೆ ದಿನವೂ ಕೆಲಸಕ್ಕೆ ಓಡಾಡುವವರು.

ನೋಡಬೇಕಾದದ್ದು

1860ರವರೆಗೆ ಮುಂಬೈಯಲ್ಲಿ ಹೊರಗಿನವರು ಬಂದು ನೋಡುವಂಥ ಕಟ್ಟಡಗಳು ಹೆಚ್ಚಿರಲಿಲ್ಲ. ಊರಿನ ತೆಂಕಣ ತುದಿಯಲ್ಲಿ ಗೋಡೆ, ಕಂದಕಗಳಿದ್ದ ಕೋಟೆ. ಅದಕ್ಕೆ ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲು. ಅವುಗಳಲ್ಲಿ ಒಂದರ ಹೆಸರು ಈಗಲೂ ರೈಲು ನಿಲ್ದಾಣದ ಫಲಕದ ಮೇಲಿದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಲ್ಯಾಂಕಶೈರಿನ ಗಿರಣಿಗಳು ಪಶ್ಚಿಮ ಭಾರತದ ಹತ್ತಿಗೆ ಕೈಚಾಚಿದವು. ಬರಾರ, ಗುಜರಾತ್, ಧಾರವಾಡ ಸೀಮೆಯ ಹತ್ತಿ ಮುಂಬೈ ಬಂದರಿನಲ್ಲಿ ಬಂಗಾರದ ಬೆಲೆಗೆ ಹೋಯಿತು. ನಾಲ್ಕು ವರ್ಷ ಊರಿಗೆ ಹಣದ ಮಳೆ. ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಯ ಗೋಡೆಗಳನ್ನು ಕೆಡವಿಸಿದರು. ತೆರವಾದ ಜಾಗದಲ್ಲಿ ಹೈಕೋರ್ಟು, ವಿಶ್ವವಿದ್ಯಾಲಯ, ಸಚಿವಾಲಯಗಳು ಸಾಲಾಗಿ ಎದ್ದವು.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು. ಬ್ಯಾಂಕುಗಳು ಮುಳುಗಿದವು. ಹತ್ತಿ ಮತ್ತು ಷೇರು ವ್ಯಾಪಾರದ ದೊರೆಯೆನಿಸಿದ್ದ ಪ್ರೇಮ್‌ಚಂದ್ ರಾಯ್‌ಚಂದ್ ದಿವಾಳಿಯಾದರು. ಆದರೆ ಅದಕ್ಕೆ ಮೊದಲೇ ಅವರು ತಾಯಿಯ ಹೆಸರಿನಲ್ಲೊಂದು ಗಡಿಯಾರದ ಗೋಪುರ ಕಟ್ಟಲು ದಾನ ಕೊಟ್ಟಿದ್ದರು. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲೇ ಕೂತು ವಿನ್ಯಾಸ ಮಾಡಿದ ಆ ರಾಜಾಬಾಯಿ ಗೋಪುರ 1878ರಲ್ಲಿ ಮುಗಿಯಿತು. ಅದೇ ವರ್ಷ ಎಫ್.ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ ರೈಲು ನಿಲ್ದಾಣದ ಕೆಲಸ ಶುರುವಾಗಿ, 1887ರಲ್ಲಿ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ಹೊತ್ತಿಗೆ ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರು ಪಡೆಯಿತು. 1996ರಲ್ಲಿ ಅದು ಛತ್ರಪತಿ ಶಿವಾಜಿಯ ಹೆಸರಿಗೆ ಬದಲಾಯಿತು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಓವಲ್ ಮೈದಾನದ ಒಂದು ಬದಿಯ ಗಾಥಿಕ್ ಕಟ್ಟಡಗಳೂ ಎದುರು ಬದಿಯ ಆರ್ಟ್ ಡೆಕೊ ಮನೆಗಳೂ ಜೊತೆಯಾಗಿ 2018ರಲ್ಲಿ ಅದೇ ಪಟ್ಟಿಗೆ ಬಂದವು.

ನೋಡುವ ಜನ ಬಂದದ್ದೂ ಅದೇ ದಶಕದಲ್ಲಿ. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. 1870ರ ಮಾರ್ಚಿನಲ್ಲಿ ಮುಂಬೈ ಮತ್ತು ಕಲ್ಕತ್ತೆಯ ನಡುವೆ ರೈಲು ಹಳಿ ಕೂಡಿತು. ಯುರೋಪಿನಿಂದ ಬರುವ ಹಡಗಿಗೆ ಮುಂಬೈ ಹೆಬ್ಬಾಗಿಲಾಯಿತು. ಲಂಡನ್ನಿನ ಮರ್ರೆ ಪ್ರಕಾಶನ 1859ರಲ್ಲೇ ಮುಂಬೈ ಪ್ರಾಂತ್ಯಕ್ಕೊಂದು ಪ್ರವಾಸಿ ಕೈಪಿಡಿ ಹೊರತಂದಿತ್ತು. ಯಾವ ಹೋಟೆಲು, ಎಷ್ಟು ದಿನ, ಯಾವ ಕಡೆಯಿಂದ ಎಲ್ಲಿಗೆ ಎಂದು ಸಾಹೇಬರಿಗೆ ಹೇಳಿಕೊಡುವ ಪುಸ್ತಕ. ನಾಲ್ಕು ವರ್ಷಗಳ ನಂತರ, 1863ರಲ್ಲಿ, ಗೋವಿಂದ ನಾರಾಯಣ ಮಾಡಗಾಂವಕರ್ ಮರಾಠಿಯಲ್ಲಿ ‘ಮುಂಬಯಿಚೇ ವರ್ಣನ’ ಬರೆದರು. ಅದರಲ್ಲಿ ದೇವಸ್ಥಾನಗಳಿವೆ, ಕೆರೆಗಳಿವೆ, ಪೇಟೆಗಳಿವೆ, ಜಾತ್ರೆಗಳಿವೆ, ಯಾವ ಜನ ಎಲ್ಲಿಂದ ಬಂದು ಏನು ಮಾಡಿ ಬದುಕುತ್ತಾರೆ ಎಂಬ ವಿವರವಿದೆ. ಎರಡೂ ಒಂದೇ ಊರಿನ ಪುಸ್ತಕಗಳು. ಇವತ್ತಿನ ಮೂರು ದಿನದ ಪಟ್ಟಿ ಮರ್ರೆಯ ದಾರಿಯಲ್ಲೇ ನಡೆಯುತ್ತದೆ. ಅದು ದಕ್ಷಿಣದ ಕೋಟೆ ಪ್ರದೇಶವನ್ನು ಸುತ್ತುತ್ತದೆ. ಗಿರಗಾಂವ್, ಭುಲೇಶ್ವರ, ಲಾಲ್‌ಬಾಗುಗಳು ಸಮಯ ಉಳಿದರೆ ಮಾತ್ರ.

ಪಟ್ಟಿಯ ಮೊದಲ ಸಾಲಾದ ಗೇಟ್‌ವೇ ಆಫ್ ಇಂಡಿಯಾವನ್ನೇ ನೋಡಬಹುದು. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆ ಅಪೊಲೊ ಬಂದರಿನಲ್ಲಿ ಇಳಿದ ನೆನಪಿಗೆ ಅದನ್ನು ಕಟ್ಟಿದರು. ಆದರೆ ದೊರೆ ಇಳಿದಾಗ ಅಲ್ಲಿ ಈ ಕಮಾನು ಇರಲಿಲ್ಲ. ಜಾರ್ಜ್ ವಿಟೆಟ್ ವಿನ್ಯಾಸದ ಕಲ್ಲಿನ ಕಟ್ಟಡ ಮುಗಿದದ್ದು 1924ರಲ್ಲಿ. ಅದರ ಹಿಂದಿರುವ ತಾಜ್ ಮಹಲ್ ಹೋಟೆಲು ಆರಂಭವಾದದ್ದು 1903ರ ಡಿಸೆಂಬರಿನಲ್ಲಿ. ಕಮಾನಿಗಿಂತ ಹೋಟೆಲಿಗೇ 20 ವರ್ಷ ವಯಸ್ಸು ಹೆಚ್ಚು. ರಾಜನನ್ನು ಬರಮಾಡಿಕೊಳ್ಳಲು ಕಟ್ಟಿದ ಬಾಗಿಲಿನಿಂದ 1948ರ ಫೆಬ್ರುವರಿ 28ರಂದು ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಹಡಗು ಹತ್ತಿ ಹೊರಟುಹೋಯಿತು. ಬಾಗಿಲಾಗಿ ಅದು ಕೆಲಸ ಮಾಡಿದ್ದು 24 ವರ್ಷ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಇದರ ವಿನ್ಯಾಸವೂ ವಿಟೆಟ್ ಅವರದೇ. 1914ರಲ್ಲಿ ಕಟ್ಟಡ ಸಿದ್ಧವಾದರೂ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಯಾಗಿ ಬಳಕೆಯಾಯಿತು. ಜನರಿಗೆ ತೆರೆದದ್ದು 1922ರಲ್ಲಿ. ಅದರ ದೊಡ್ಡ ಗುಮ್ಮಟ ಕನ್ನಡಿಗರಿಗೆ ಎಲ್ಲೋ ನೋಡಿದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ವಿಟೆಟ್ ಮಾದರಿಗೆ ಇಟ್ಟುಕೊಂಡದ್ದು ವಿಜಯಪುರದ ಗೋಲಗುಮ್ಮಟವನ್ನು.

ದ್ವೀಪದ ಆನೆ

ಎಲಿಫೆಂಟಾದ ಹೆಸರು ಪೋರ್ಚುಗೀಸರು ಇಟ್ಟದ್ದು. ಸ್ಥಳೀಯರಿಗೆ ಅದು ಘಾರಾಪುರಿ. ಆರನೆಯ ಶತಮಾನದ ನಡುವಿನಲ್ಲಿ ಕೊರೆದವೆಂದು ಹೇಳುವ ಗುಹೆಗಳ ಮುಖ್ಯ ಶಿಲ್ಪ ಮೂರು ಮುಖದ ಸದಾಶಿವ. ಐಹೊಳೆಯ ಮೇಗುಟಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ 634ರಲ್ಲಿ ಬರೆದ ಶಾಸನವಿದೆ. ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದ ಸಂಗತಿ ಅದರಲ್ಲಿ ಬರುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಬೇರೆ ಜಾಗ ಹೇಳುವವರೂ ಇದ್ದಾರೆ. ಗುಹೆ ನೋಡಲು ಬಾದಾಮಿ ಸೀಮೆಯಿಂದ ಹೋದವರಿಗೆ ದೋಣಿಯಲ್ಲಿ ಕೂತು ಮಾತಾಡಲು ಇಷ್ಟು ಸಾಕು.

ದ್ವೀಪಕ್ಕೆ ಹೆಸರು ತಂದ ಕಲ್ಲಿನ ಆನೆ ಈಗ ಅಲ್ಲಿಲ್ಲ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋದಾಗ ಎತ್ತುವ ಕ್ರೇನು ಮುರಿದು ಆನೆ ಚೂರಾಯಿತು. ಚೂರುಗಳು ಮುಂಬೈಯಲ್ಲೇ ಉಳಿದವು. 1914ರಲ್ಲಿ ಅವನ್ನು ಮತ್ತೆ ಜೋಡಿಸಿ ಬೈಕುಲ್ಲಾದ ಉದ್ಯಾನದಲ್ಲಿ ನಿಲ್ಲಿಸಿದರು. ಈಗ ಜೀಜಾಮಾತಾ ಉದ್ಯಾನವೆನ್ನುವ ಆ ಜಾಗದಲ್ಲೇ, 1872ರಲ್ಲಿ ತೆರೆದ, ಈಗ ಭಾವು ದಾಜಿ ಲಾಡ್ ಹೆಸರಿರುವ ಸಂಗ್ರಹಾಲಯದ ಬಳಿ ಆನೆ ನಿಂತಿದೆ. ದ್ವೀಪಕ್ಕೆ ಹೋದ ಹೆಚ್ಚಿನವರಿಗೆ ಆನೆ ಬೈಕುಲ್ಲಾದಲ್ಲಿದೆ ಎಂದು ಯಾರೂ ಹೇಳುವುದಿಲ್ಲ.

ನೋಡುವುದು ಮತ್ತು ಉಣ್ಣುವುದು ಒಂದೇ ಜಾಗದಲ್ಲಿ ಕೂಡಿದ ಒಂದು ವಿಚಿತ್ರ ರಾತ್ರಿಯೂ ಎಲಿಫೆಂಟಾದ ಚರಿತ್ರೆಯಲ್ಲಿದೆ. 1875ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಏಳನೆಯ ಎಡ್ವರ್ಡ್ ಆದವನು, ಮುಂಬೈಗೆ ಬಂದಾಗ ಗುಹೆಯೊಳಗೇ ದೀಪಗಳನ್ನು ಹಚ್ಚಿ ಮೇಜು ಹಾಕಿ ಔತಣ ಮಾಡಿದರು. ಸದಾಶಿವನ ಎದುರು ಬಡಿಸಿದ ಊಟಕ್ಕೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ಆಳುವವರು ತೀರ್ಮಾನಿಸಿದ್ದರು.

ಯಾರು ಎಲ್ಲಿ ಉಣ್ಣಬೇಕು

ಆಗಿನ ಮುಂಬೈಯಲ್ಲಿ ಊಟದ ಜಾಗವೆಂದರೆ ಮೊದಲು ಈ ಪ್ರಶ್ನೆಯೇ. ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಿಂದ ತರಿಸಿ ಕಟ್ಟಿದ ವಾಟ್ಸನ್ ಹೋಟೆಲು ಯುರೋಪಿಯನ್ನರದು. ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಭಾರತದಲ್ಲಿ ಮೊದಲು ಪ್ರದರ್ಶನಗೊಂಡದ್ದು 1896ರ ಜುಲೈ 7ರಂದು ಅಲ್ಲೇ. ಆ ಹೋಟೆಲಿನಲ್ಲಿ ಪ್ರವೇಶ ಸಿಗದ ಸಿಟ್ಟಿಗೆ ಜಮ್‌ಸೆಟ್‌ಜಿ ಟಾಟಾ ತಾಜ್ ಕಟ್ಟಿಸಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಗಟ್ಟಿ ಆಧಾರವಿಲ್ಲ. ಆದರೂ ಜನ ಅದನ್ನು ನಂಬುವುದಕ್ಕೆ ಆ ಕಾಲ ಹಾಗೇ ಇದ್ದದ್ದು ಕಾರಣ.

ಬಿಳಿಯರ ಬಾಗಿಲು ಒಂದು ಕಡೆ. ಇನ್ನೊಂದು ಕಡೆ ಊರಿನವರದೇ ಬಾಗಿಲುಗಳು. ಪ್ರಯಾಣಿಕರಿಗೆ ಧರ್ಮಶಾಲೆಗಳಿದ್ದವು, ಎಷ್ಟೋ ಧರ್ಮಶಾಲೆಗಳು ಒಂದೊಂದು ಜಾತಿಗೆ ಮೀಸಲು. ಮನೆಯ ಅಡುಗೆಯನ್ನು ಕಚೇರಿಗೆ ಹೊತ್ತು ತರುವ ಡಬ್ಬಾವಾಲಾಗಳ ವ್ಯವಸ್ಥೆ ಆರಂಭವಾದದ್ದೂ 1890ರ ಸುಮಾರಿಗೆ ಎನ್ನುತ್ತಾರೆ. ಪರರ ಕೈಯ ಅಡುಗೆ ಉಣ್ಣದ ಜನ ಒಂದೇ ಊರಿನಲ್ಲಿ ದುಡಿಯಲು ಸೇರಿದರೆ ಇಂಥದೊಂದು ಸಾಗಣೆ ಹುಟ್ಟಲೇಬೇಕಿತ್ತು.

ಗಿರಣಿಗೆ ಒಂಟಿಯಾಗಿ ಬಂದ ಕೊಂಕಣ, ಸಾತಾರಾ ಕಡೆಯ ಗಂಡಸರು ಉಂಡದ್ದು ಖಾನಾವಳಿಯಲ್ಲಿ. ಚಾಳಿನ ಒಂದು ಕೋಣೆಯಲ್ಲಿ ಒಬ್ಬ ಹೆಂಗಸು ಹತ್ತೋ ಇಪ್ಪತ್ತೋ ಜನರಿಗೆ ಬೇಯಿಸುತ್ತಿದ್ದಳು, ಲೆಕ್ಕ ತಿಂಗಳಿಗೊಮ್ಮೆ. ವಿಜಯಪುರ, ಹುಬ್ಬಳ್ಳಿಗಳಲ್ಲಿ ಇವತ್ತಿಗೂ ರೊಟ್ಟಿಯೂಟದ ಹೋಟೆಲಿಗೆ ಖಾನಾವಳಿ ಎಂದೇ ಹೆಸರು, ಮಾತು ಒಂದೇ. ಸಂಬಳ ಬಾರದ ತಿಂಗಳು ಕಿರಾಣಿ ಸಾಲಕ್ಕೆ ಸಿಕ್ಕಿಬೀಳುತ್ತಿದ್ದ ಈ ಹೆಂಗಸರನ್ನು ಸಂಘಟಿಸಿ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಊರನ್ನು ಉಣಿಸಿದ ಖಾನಾವಳಿಗಳು ಪ್ರವಾಸಿಗಳ ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಅವಕ್ಕೆ ಫಲಕವೇ ಇರಲಿಲ್ಲ.

ಫಲಕ ಹಾಕಿ ಬಂದವರಿಗೆಲ್ಲ ಬಾಗಿಲು ತೆರೆದವರಲ್ಲಿ ಇರಾನಿಗಳು ಮುಖ್ಯರು. ಯಜ್ದ್, ಕೆರ್ಮಾನ್ ಸೀಮೆಯಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಇಪ್ಪತ್ತರ ಆರಂಭದಲ್ಲೂ ಬಂದ ಇವರು ಶತಮಾನಗಳ ಹಿಂದೆ ಗುಜರಾತಿಗೆ ಬಂದಿಳಿದ ಪಾರ್ಸಿಗಳಿಗಿಂತ ಬೇರೆ. ಬೀದಿಯ ಮೂಲೆಯ ಅಂಗಡಿಗಳನ್ನು ಹಿಂದೂ ವ್ಯಾಪಾರಿಗಳು ಅಶುಭವೆಂದು ಬಿಟ್ಟದ್ದರಿಂದ ಇರಾನಿಗಳಿಗೆ ಅವು ಸಿಕ್ಕವು ಎಂಬ ಮಾತಿದೆ. ಅಮೃತಶಿಲೆಯ ಮೇಜು, ಬಾಗಿದ ಮರದ ಕುರ್ಚಿ, ಚಹಾ, ಬ್ರುನ್ ಮಸ್ಕಾ. ಗುಮಾಸ್ತ, ಕೂಲಿ, ವಿದ್ಯಾರ್ಥಿ, ಪತ್ರಕರ್ತ ಎಲ್ಲರೂ ಒಂದು ಚಹಾ ತರಿಸಿ ಗಂಟೆಗಟ್ಟಲೆ ಕೂರಬಹುದಾದ ಜಾಗ. 1904ರ ಕ್ಯಾನಿ, 1923ರ ಬ್ರಿಟಾನಿಯಾ ಉಳಿದುಕೊಂಡಿವೆ. ಒಂದು ಕಾಲಕ್ಕೆ ನೂರಾರಿದ್ದ ಕೆಫೆಗಳಲ್ಲಿ ಹೆಚ್ಚಿನವು ಮುಚ್ಚಿವೆ.

ಕನ್ನಡಿಗರು ಈ ಕಥೆಯೊಳಗೆ ಬರುವುದು ತಟ್ಟೆ ಹಿಡಿದುಕೊಂಡು. ಉಡುಪಿ ಮತ್ತು ಸುತ್ತಲಿನ ಹಳ್ಳಿಗಳ ಹುಡುಗರು ಮಂಗಳೂರಿನಿಂದ ಹಡಗು ಹತ್ತಿ ಮುಂಬೈಗೆ ಬಂದು ಹೋಟೆಲುಗಳಲ್ಲಿ ಲೋಟ ತೊಳೆದರು, ಟೇಬಲ್ ಒರೆಸಿದರು. ಅವರ ಪೈಕಿ ಬಹಳ ಮಂದಿ ರಾತ್ರಿ ಶಾಲೆಗಳಲ್ಲಿ ಓದಿದರು; ಹಗಲು ದುಡಿಯುವ ಹೋಟೆಲ್ ಹುಡುಗರಿಗಾಗಿಯೇ ಕೋಟೆ ಪ್ರದೇಶದಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ವಟುವಿಗೆ, ಹುಡುಗನಿಗೆ ಇದ್ದ ‘ಮಾಣಿ’ ಎಂಬ ಮಾತಿಗೆ ಬಡಿಸುವವನು ಎಂಬ ಅರ್ಥ ಗಟ್ಟಿಯಾದದ್ದೂ ಹೋಟೆಲುಗಳಿಂದಲೇ. ಮಾಟುಂಗಾದಲ್ಲಿ ದಕ್ಷಿಣದ ಗುಮಾಸ್ತರ ವಸತಿ ಬೆಳೆದ ಮೇಲೆ, ಅಲ್ಲೇ ಎ. ರಾಮ ನಾಯಕ್ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದರು. ಕೆಫೆ ಮದ್ರಾಸ್ ಅದಕ್ಕೆ ಎರಡು ವರ್ಷ ಮೊದಲಿನದು. ಯುದ್ಧದ ಕಾಲ; 1943ರಲ್ಲಿ ಮುಂಬೈಗೆ ಪಡಿತರ ಪದ್ಧತಿಯೇ ಬಂತು. ಮನೆಯಿಂದ ದೂರವಿದ್ದ ಬ್ರಹ್ಮಚಾರಿ ನೌಕರರಿಗೆ ಅನ್ನ, ಸಾರು, ಪಲ್ಯ ಸಿಗುವ ಬೋರ್ಡಿಂಗ್ ದೊಡ್ಡ ಆಸರೆಯಾಯಿತು. ಮದರಾಸಿನಲ್ಲಿ ಕೃಷ್ಣರಾಯರ ವುಡ್‌ಲ್ಯಾಂಡ್ಸ್ 1938ರಷ್ಟು ಹೊತ್ತಿಗೇ ಇದೇ ರುಚಿಯನ್ನು ನಗರದ ರುಚಿಯಾಗಿಸಿತ್ತು.

ಆದರೆ ಉಡುಪಿ ಎಂಬ ಹೆಸರು ಆಗ ರುಚಿಯ ಹೆಸರಷ್ಟೇ ಆಗಿರಲಿಲ್ಲ. ಒಳಗೆ ಬೇಯಿಸುವವರು ಬ್ರಾಹ್ಮಣರು ಎಂಬ ಭರವಸೆ ಅದರಲ್ಲಿ ಅಡಗಿತ್ತು. ಮೇಲುಜಾತಿಯ ಗಿರಾಕಿ ನಂಬಿ ಒಳಗೆ ಬಂದದ್ದು ಅದಕ್ಕಾಗಿ. ದಕ್ಷಿಣದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು. ದಲಿತರಿಗೆ ಒಳಗೆ ಜಾಗವೇ ಇರಲಿಲ್ಲ. ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಬೇರೆ ಬೇರೆ ಇದ್ದವು. ಹೋಟೆಲು ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿತು ಎಂಬ ಮಾತು ಅರ್ಧ ಮಾತ್ರ ನಿಜ. ಕೂರಿಸಬಹುದು ಎಂಬ ಸಾಧ್ಯತೆಯನ್ನು ಹೋಟೆಲು ತಂದಿತು. ಕೂರಿಸಲೇಬೇಕು ಎಂದದ್ದು ಕಾನೂನು.

1934ರ ಒಂದು ಪ್ರವಾಸ

ಆ ಕಾನೂನು ಯಾಕೆ ಬೇಕಿತ್ತು ಎಂಬುದಕ್ಕೆ ಒಂದು ಪ್ರವಾಸದ ಕಥೆಯೇ ಸಾಕ್ಷಿ. ಹೇಳಿದವರು ಡಾ. ಬಿ.ಆರ್. ಅಂಬೇಡ್ಕರ್. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಆತ್ಮಕಥನದಲ್ಲಿ ಅವರು ಅದನ್ನು ಬರೆದಿಟ್ಟಿದ್ದಾರೆ. 1934ರಲ್ಲಿ ಚಳವಳಿಯ ಸಂಗಾತಿಗಳು ಎಲ್ಲಾದರೂ ಊರು ನೋಡಲು ಹೋಗೋಣವೆಂದರು. ಅಂಬೇಡ್ಕರರೂ ಜೊತೆಯಾದರು. ವೇರೂಳದ, ಅಂದರೆ ಎಲ್ಲೋರಾದ, ಬೌದ್ಧ ಗುಹೆಗಳನ್ನು ನೋಡಲೇಬೇಕೆಂದು ತೀರ್ಮಾನವಾಯಿತು. ಸುಮಾರು ಮೂವತ್ತು ಜನ. ದಾರಿಯಲ್ಲಿ ದೌಲತಾಬಾದ್ ಕೋಟೆ ಸಿಕ್ಕಿತು. ರಂಜಾನ್ ತಿಂಗಳು. ಧೂಳು ಮೆತ್ತಿದ ಕೈಕಾಲು ಮುಖವನ್ನು ಅವರಲ್ಲಿ ಕೆಲವರು ಕೋಟೆಯ ಬಾಗಿಲ ಬಳಿಯ ಹೊಂಡದಲ್ಲಿ ತೊಳೆದುಕೊಂಡರು. ಕೋಟೆಯೊಳಗೆ ಕಾಲಿಡುವಷ್ಟರಲ್ಲಿ ಜನ ಕೂಗುತ್ತ ಬೆನ್ನಟ್ಟಿ ಬಂದರು: ಅಸ್ಪೃಶ್ಯರು ಹೊಂಡ ಕೆಡಿಸಿದರು ಎಂಬುದೇ ಅವರ ದೂರು. ಮಾತು ಹೊಡೆದಾಟದ ಅಂಚಿಗೆ ಹೋಯಿತು. ಕೊನೆಗೆ ಕೋಟೆ ನೋಡಲು ಬಿಟ್ಟರು, ಒಳಗೆ ಎಲ್ಲೂ ನೀರು ಮುಟ್ಟಬಾರದೆಂಬ ಷರತ್ತಿನ ಮೇಲೆ. ಅದನ್ನು ಕಾಯಲು ಆಯುಧ ಹಿಡಿದ ಒಬ್ಬ ಸೈನಿಕ ಜೊತೆಗೇ ನಡೆದ.

ಆಗ ಅಂಬೇಡ್ಕರ್ ಬ್ಯಾರಿಸ್ಟರ್ ಆಗಿದ್ದರು, ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿ ಬಂದವರಾಗಿದ್ದರು. ಪ್ರವಾಸಿ ಜಾಗ ಅವರಿಗೆ ತೆರೆದಿತ್ತು. ಅಲ್ಲಿನ ಒಂದು ಬೊಗಸೆ ನೀರು ತೆರೆದಿರಲಿಲ್ಲ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗ ಓದಿದರೆ ಒಂದು ಪ್ರವಾಸದ ವಿವರ ಓದಿದಂತಾಗುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲು, ಮನರಂಜನೆಯ ಜಾಗಗಳಿಂದ ತಡೆಯುವಂತಿಲ್ಲ. ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಬಳಸುವುದಕ್ಕೂ ಅಡ್ಡಿ ಇಲ್ಲ. ದೌಲತಾಬಾದಿನ ಹೊಂಡದಂಥವೆಲ್ಲ ಈ ಸಾಲಿನೊಳಗೆ ಬರುತ್ತವೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಕೆಳಗಿಳಿದು ಹೋಟೆಲು, ಧರ್ಮಶಾಲೆ, ಮುಸಾಫಿರ್‌ಖಾನೆಗಳಲ್ಲಿ ಜನರ ಬಳಕೆಗಿಟ್ಟ ಪಾತ್ರೆಗಳನ್ನೂ ಹೆಸರಿಸಿತು. ಒಂದು ದೇಶದ ಕಾನೂನು ಲೋಟ, ತಟ್ಟೆಗಳ ಬಗ್ಗೆ ಬರೆಯಬೇಕಾಗಿ ಬಂದದ್ದು ಲೋಟ, ತಟ್ಟೆಗಳಲ್ಲೇ ತಡೆ ಇದ್ದುದರಿಂದ. ಕಾನೂನಿನ ಮರುದಿನವೇ ಎಲ್ಲ ಬದಲಾಗಲಿಲ್ಲ. ಮದರಾಸಿನಲ್ಲಿ 1957ರಲ್ಲಿ ಒಂದು ಹೋಟೆಲಿನ ಫಲಕದಿಂದ ‘ಬ್ರಾಹ್ಮಣ’ ಎಂಬ ಪದ ತೆಗೆಸಲು ಪೆರಿಯಾರ್ ಚಳವಳಿ ನಡೆಸಬೇಕಾಯಿತು.

ಆದ್ದರಿಂದ ಗಣರಾಜ್ಯೋತ್ಸವದ ರಜೆಯಲ್ಲಿ ಮುಂಬೈಗೆ ಬಂದು, ಜಾತಿ ಯಾವುದೆಂದು ಯಾರೂ ಕೇಳದೆ ಬಾಳೆ ಎಲೆಯ ಮುಂದೆ ಕೂತವರು ಆ ದಿನದ ಅರ್ಥವನ್ನು ಮೆರವಣಿಗೆ ನೋಡಿದವರಷ್ಟೇ ಆಚರಿಸುತ್ತಿರುತ್ತಾರೆ. ಬಾಡಿಗೆಗೆ ಮನೆ ಹುಡುಕುವಾಗ ಅದೇ ಮುಂಬೈಯಲ್ಲಿ ಊಟ ಏನು, ಹೆಸರೇನು ಎಂಬ ಪ್ರಶ್ನೆ ಇನ್ನೂ ಎದುರಾಗುತ್ತದೆ ಎಂಬುದು ಮೂರು ದಿನದ ಅತಿಥಿಗಳಿಗೆ ಗೊತ್ತಾಗುವುದಿಲ್ಲ. ಅಲ್ಲೇ ನೆಲೆಸಿದ ಕನ್ನಡಿಗರಿಗೆ ಗೊತ್ತು.

ಗಿರಣಿಯ ಜಾಗದಲ್ಲಿ ಊಟ

1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಗೆಲ್ಲಲೂ ಇಲ್ಲ, ವಿಧಿವತ್ತಾಗಿ ಮುಗಿಯಲೂ ಇಲ್ಲ. ಗಿರಣಿಗಳು ಒಂದೊಂದಾಗಿ ನಿಂತವು. ಚಿಮಣಿಗಳ ಬುಡದಲ್ಲಿ ಮಾಲ್‌ಗಳು, ಕಚೇರಿಗಳು, ರೆಸ್ಟೋರೆಂಟುಗಳು ಬಂದವು. ಪರೇಲ್, ಲೋವರ್ ಪರೇಲ್‌ಗಳಲ್ಲಿ ಈಗ ವಾರಾಂತ್ಯದ ರಾತ್ರಿ ಊಟಕ್ಕೆ ಹೋಗುವುದು ರೂಢಿ. 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ಮಹಡಿಯ ರೆಸ್ಟೋರೆಂಟುಗಳಲ್ಲಿ ಬೆಂಕಿ ಎದ್ದು 14 ಜನ ಸತ್ತರು. ಭಾನುವಾರದ ರಜೆ ಗಳಿಸಿಕೊಟ್ಟವರ ಕೆಲಸದ ಜಾಗ ರಜೆ ಕಳೆಯುವವರ ಜಾಗವಾಗಿದೆ. ಬಡಿಸುವವರು, ಬೇಯಿಸುವವರು ಮಾತ್ರ ಆ ದಿನವೂ ದುಡಿಯುತ್ತಾರೆ. ಅವರ ವಾರದ ರಜೆ ಬೇರೆ ದಿನ, ಪಾಳಿಯ ಪ್ರಕಾರ, ಮೇಲ್ವಿಚಾರಕರು ಹೂಂ ಅಂದರೆ. ಅದಕ್ಕೆ ಸೂಟಿಗಿಂತ ರಜೆ ಎಂಬ ಮಾತೇ ಸರಿ.

ಇಷ್ಟೆಲ್ಲ ತಿಳಿದ ಮೇಲೆ ಪಟ್ಟಿಯನ್ನು ಹರಿದುಹಾಕಬೇಕಾಗಿಲ್ಲ. ಕ್ರಮ ಸ್ವಲ್ಪ ಬದಲಿಸಿಕೊಳ್ಳಬಹುದು. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಆದ್ದರಿಂದ ಶನಿವಾರ ಬೆಳಿಗ್ಗೆ ಮೊದಲ ದೋಣಿಗಳಲ್ಲೇ ಹೋಗಿ ಮಧ್ಯಾಹ್ನದೊಳಗೆ ಮರಳುವುದು ಒಳ್ಳೆಯದು. ಬ್ರಿಟಾನಿಯಾ ಹಗಲಿನ ಊಟಕ್ಕೆ ಹೆಸರಾದದ್ದು, ರಾತ್ರಿಗೆ ಅದನ್ನು ಇಟ್ಟುಕೊಂಡರೆ ನಿರಾಸೆ. ಸಂಜೆ ಓವಲ್ ಮೈದಾನದ ನಡುವೆ ನಿಂತರೆ ಎಡಬಲಕ್ಕೆ ಎರಡು ಕಾಲದ ಮುಂಬೈ ಒಟ್ಟಿಗೆ ಕಾಣುತ್ತದೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್, ಪರೇಲ್ ಕಡೆಯ ಚಾಳುಗಳ ಬೀದಿಯಲ್ಲಿ ಒಂದು ಸುತ್ತು ನಡೆದು, ಮಧ್ಯಾಹ್ನ ಮಾಟುಂಗಾ. ಅಲ್ಲಿ ಸಾಲು ಉದ್ದವಿರುತ್ತದೆ, ಹಸಿವು ಜೋರಾಗುವ ಮೊದಲೇ ಹೋಗಿ ನಿಲ್ಲಬೇಕು. ಸೋಮವಾರ ರೈಲಿಗೆ ಮುಂಚೆ ಬೈಕುಲ್ಲಾ. ಸಂಗ್ರಹಾಲಯಕ್ಕೆ ವಾರದ ರಜೆ ಬುಧವಾರ. ಸೋಮವಾರ ಗಣರಾಜ್ಯೋತ್ಸವವೇ ಆಗಿದ್ದರೆ ಅದು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಸಂಗ್ರಹಾಲಯದ ಬಳಿ ಚೂರುಗಳಿಂದ ಕೂಡಿಸಿದ ಕಲ್ಲಿನ ಆನೆ ಇರುತ್ತದೆ. ಎಲ್ಲೆಲ್ಲಿ ಜೋಡಿಸಿದ್ದಾರೆಂದು ಹತ್ತಿರ ಹೋಗಿ ನೋಡಿದರೆ ತಿಳಿಯುತ್ತದೆ.